ಕೆರೆ ಕೋಡಿ ಮತ್ತು ಮೂರನೇ ತಂತಿ

(ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರಿದ್ದರು, ತಹಶೀಲ್ದಾರರಿದ್ದರು, ಕಾಲೇಜಿನ ಪ್ರೊಫೆಸರರಿದ್ದರು. ನಾನು 1988ರಲ್ಲಿ ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐ ಮಾಡಿ, 1994ರಿಂದ ತಾಲ್ಲೂಕು ಕೇಂದ್ರದಲ್ಲಿ ಟಿವಿ, ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡವನು. ಈಗ ರೇಡಿಯೋ ಯಾರೂ ತರುವುದಿಲ್ಲ. ಟಿವಿ, ಕಂಪ್ಯೂಟರು, ಇನ್ವರ್ಟರು, ವೈಫೈ ಡಬ್ಬಿ ತರುತ್ತಾರೆ. ಮನೆಗಳ ವೈರಿಂಗ್ ಕೆಲಸವನ್ನೂ ಮಾಡುತ್ತೇನೆ. ಸಮಿತಿಯವರು ಬಂದು ಮಾತಾಡಬೇಕು ಅಂದಾಗ ನಾನು ಒಲ್ಲೆ ಅಂದೆ. ನಮ್ಮ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿ, "ಏನಪ್ಪಾ, ನಿನಗೆ ಗೊತ್ತಿರೋದನ್ನ ಹೇಳೋಕೆ ಏನು ಕಷ್ಟ?" ಅಂದರು. ಗೊತ್ತಿರುವುದನ್ನು ಹೇಳುವುದೇ ಕೆಲವು ಸಲ ಕಷ್ಟ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಪ್ರತಿ ವರ್ಷ ಯುಗಾದಿ ಕಳೆದು ಭರಣಿ ಮಳೆ ಶುರುವಾಯಿತು ಅಂದರೆ ರೈತರು ನೇಗಿಲು ನೋಡುತ್ತಾರೆ, ನಾನು ಅಂಗಡಿಯ ಬಾಗಿಲು ನೋಡುತ್ತೇನೆ. ಮೊದಲನೇ ಗುಡುಗು ಮಳೆಯ ಮಾರನೇ ದಿನ ಬೆಳಿಗ್ಗೆ ಬೈಕಿನ ಹಿಂದೆ ಹಾಸಿಗೆ ಹೊದಿಕೆಯಲ್ಲಿ ಸುತ್ತಿದ ಟಿವಿಗಳು ಬರುತ್ತವೆ. ತಂದವರೆಲ್ಲ ಹೇಳುವ ಮಾತು ಒಂದೇ: "ಅಣ್ಣಾ, ಸಿಡಿಲು ಹೊಡೀತು." ಅದರ ಜೊತೆಗೆ ಎರಡನೇ ಮಾತೂ ಇರುತ್ತದೆ: "ಸ್ಪೈಕ್ ಗಾರ್ಡ್ ಹಾಕಿದ್ವಲ್ಲ, ಆದರೂ ಹೋಯ್ತಲ್ಲ?"

ಈ ಎರಡು ಮಾತಿಗೂ ಉತ್ತರ ಹೇಳುವುದು ನನ್ನ ಇವತ್ತಿನ ಕೆಲಸ.

ಮೊದಲು ಲೆಕ್ಕ. ನಮ್ಮ ಮನೆಗೆ ಬರಬೇಕಾದ ಕರೆಂಟು 230 ವೋಲ್ಟು. ಇದು ಶೇಕಡಾ 6ರಷ್ಟು ಮೇಲೆ ಕೆಳಗೆ ಆಗಬಹುದು ಎಂದು 1956ರ ವಿದ್ಯುತ್ ನಿಯಮಗಳಲ್ಲಿ ಹೇಳಿತ್ತು. ಅಂದರೆ ಸುಮಾರು 216ರಿಂದ 244ರವರೆಗೆ. ನಮ್ಮ ಹಳ್ಳಿಗಳಲ್ಲಿ ಸಂಜೆ ಪಂಪ್‌ಸೆಟ್ಟುಗಳು ಓಡುವಾಗ 180ಕ್ಕೆ ಇಳಿದದ್ದನ್ನೂ, ರಾತ್ರಿ ಎಲ್ಲರೂ ಮಲಗಿದ ಮೇಲೆ 250 ದಾಟಿದ್ದನ್ನೂ ನಾನೇ ಮೀಟರ್ ಹಿಡಿದು ನೋಡಿದ್ದೇನೆ. ಇದು ಒಂದು ತೊಂದರೆ. ಆದರೆ ಸರ್ಜ್ ಅನ್ನುವುದು ಇದಲ್ಲ.

ಸರ್ಜ್ ಅಂದರೆ ತಂತಿಯಲ್ಲಿ ಕಣ್ಣು ಮುಚ್ಚಿ ತೆರೆಯುವುದಕ್ಕಿಂತ ಎಷ್ಟೋ ಬೇಗ ಬಂದು ಹೋಗುವ ಪ್ರವಾಹ. ಅದನ್ನು ಮೈಕ್ರೋಸೆಕೆಂಡಿನಲ್ಲಿ ಅಳೆಯುತ್ತಾರೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಸೆಕೆಂಡು. ರಕ್ಷಣಾ ಸಾಧನಗಳನ್ನು ಪರೀಕ್ಷೆ ಮಾಡುವಾಗ ಬಳಸುವ ಸರ್ಜ್ ಅಲೆಗೆ 8/20 ಅಂತ ಹೆಸರು. 8 ಮೈಕ್ರೋಸೆಕೆಂಡಿನಲ್ಲಿ ತುದಿಗೇರಿ, 20ನೇ ಮೈಕ್ರೋಸೆಕೆಂಡಿನ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ. ಅಷ್ಟರಲ್ಲೇ ತಂತಿಯ ವೋಲ್ಟೇಜು ಸಾವಿರಗಟ್ಟಲೆ ಆಗಿರುತ್ತದೆ. ನಿಮ್ಮ ಮನೆಯ ಎಂಸಿಬಿ ಬೀಳುವುದಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಬೇಕು. ಕಳ್ಳ ಬಂದು ಕದ್ದು ಹೋದ ಮೇಲೆ ನಾಯಿ ಬೊಗಳಿದ ಹಾಗೆ. ಸ್ಟೆಬಿಲೈಸರೂ ಅಷ್ಟೆ. ಅದು ನಿಧಾನದ ಏರಿಳಿತ ಸರಿಮಾಡುವ ಸಾಧನ.

ಸರ್ಜ್ ಎಲ್ಲಿಂದ ಬರುತ್ತದೆ? ಸಿಡಿಲಿನಿಂದ ಬರುತ್ತದೆ. ಸಿಡಿಲು ನಿಮ್ಮ ಮನೆಯ ಮೇಲೇ ಬೀಳಬೇಕು ಅಂತಿಲ್ಲ. ದೂರದ ತೆಂಗಿನ ಮರಕ್ಕೆ ಬಿದ್ದರೂ ಹತ್ತಿರದ ಲೈನಿನ ತಂತಿಯಲ್ಲಿ ಸರ್ಜ್ ಹುಟ್ಟಿ ಅದು ಮನೆಯವರೆಗೆ ಓಡಿ ಬರುತ್ತದೆ. ಇನ್ನು ದೊಡ್ಡ ಮೋಟಾರು, ವೆಲ್ಡಿಂಗ್ ಮಷಿನ್ನು ಆಫ್ ಆದಾಗ, ಹೋದ ಕರೆಂಟು ವಾಪಸ್ ಬಂದಾಗಲೂ ಸಣ್ಣಪುಟ್ಟ ಸರ್ಜ್ ಬರುತ್ತವೆ. ಅವು ಒಂದೇ ಏಟಿಗೆ ಸಾಯಿಸುವುದಿಲ್ಲ. ದಿನವೂ ಗೆದ್ದಲು ತಿಂದ ಹಾಗೆ ಒಳಗಿನ ಭಾಗಗಳನ್ನು ತಿನ್ನುತ್ತವೆ.

ಇದನ್ನು ತಡೆಯುವ ಸಾಧನವೇ ಸರ್ಜ್ ಪ್ರೊಟೆಕ್ಟರ್. ಅದನ್ನು ಬಿಚ್ಚಿ ನೋಡಿದರೆ ಒಳಗೆ ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ, ನೀಲಿಯೋ ಹಳದಿಯೋ ಬಣ್ಣದ ಬಿಲ್ಲೆಗಳಿರುತ್ತವೆ. ಅದರ ಹೆಸರು ಮೆಟಲ್ ಆಕ್ಸೈಡ್ ವೇರಿಸ್ಟರ್. ಚಿಕ್ಕದಾಗಿ ಎಂಒವಿ. ಸತುವಿನ ಆಕ್ಸೈಡಿನಿಂದ ಮಾಡಿದ್ದು. ಅದು ಕೆಲಸ ಮಾಡುವ ರೀತಿಯನ್ನು ನಮ್ಮೂರಿನವರಿಗೆ ಹೇಳುವುದು ಸುಲಭ. ಅದು ನಮ್ಮ ಕೆರೆಯ ಕೋಡಿ ಇದ್ದ ಹಾಗೆ.

ಕೆರೆಯಲ್ಲಿ ನೀರು ಮಟ್ಟದಲ್ಲಿರುವಾಗ ಕೋಡಿ ಒಣಗಿರುತ್ತದೆ. ಒಂದು ಹನಿಯನ್ನೂ ಬಿಡುವುದಿಲ್ಲ. ಪ್ರವಾಹ ಬಂದು ನೀರು ಕೋಡಿಯ ಮಟ್ಟ ದಾಟಿತೋ, ಹೆಚ್ಚಾದದ್ದೆಲ್ಲ ಕೋಡಿಯ ಮೇಲೆ ಹರಿದು ಹಳ್ಳ ಸೇರುತ್ತದೆ, ಏರಿ ಉಳಿಯುತ್ತದೆ. ಎಂಒವಿಯೂ ಹಾಗೆಯೇ. 230 ವೋಲ್ಟಿನಲ್ಲಿ ಸುಮ್ಮನಿರುತ್ತದೆ. ವೋಲ್ಟೇಜು ಒಂದು ಮಟ್ಟ ದಾಟಿದರೆ ಬಾಗಿಲು ತೆರೆದು ಹೆಚ್ಚಿನದನ್ನು ಬೇರೆ ದಾರಿಗೆ ಹರಿಸುತ್ತದೆ. ಏರಿಯ ಈಚೆ ಇರುವ ಟಿವಿ ಉಳಿಯುತ್ತದೆ.

ಈ ಹೋಲಿಕೆಯಿಂದ ಮೂರು ಮಾತು ತಿಳಿಯುತ್ತವೆ. ನನ್ನ ಭಾಷಣದಲ್ಲಿ ಬೇರೆ ಏನು ಮರೆತರೂ ಇವು ಮೂರನ್ನು ಮರೆಯಬೇಡಿ.

ಮೊದಲನೆಯದು, ಕೋಡಿ ಹರಿಯಬೇಕಾದರೆ ಹಳ್ಳ ಬೇಕು. ಕರೆಂಟಿಗೆ ಆ ಹಳ್ಳ ಅಂದರೆ ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉದ್ದವಾಗಿ ದಪ್ಪವಾಗಿ ಯಾಕಿದೆ ಅಂತ ನಮ್ಮ ಮೇಷ್ಟ್ರು ಎಂಟನೇ ಕ್ಲಾಸಿನಲ್ಲಿ ಕೇಳಿದ್ದರು. ಯಾರೂ ಹೇಳಲಿಲ್ಲ. ಪ್ಲಗ್ಗು ಹಾಕುವಾಗ ಅದು ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು, ಅದಕ್ಕೇ ಉದ್ದ ಅಂತ ಅವರೇ ಹೇಳಿದರು. ಈಗ ಜನ ಏನು ಮಾಡುತ್ತಾರೆ? ಎರಡು ತೂತಿನ ಸಾಕೆಟ್ಟಿಗೆ ಹೋಗಲಿ ಅಂತ ಆ ಪಿನ್ನನ್ನೇ ಬಿಚ್ಚಿ ಬಿಸಾಡುತ್ತಾರೆ. ಪಿನ್ನು ಇದ್ದರೂ ಗೋಡೆಯ ಒಳಗೆ ಮೂರನೇ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ಹೊರಗೆ ಗುಂಡಿ ಇರುವುದಿಲ್ಲ. ಅಂಥ ಮನೆಯಲ್ಲಿ ಎಷ್ಟು ದುಬಾರಿಯ ಪ್ರೊಟೆಕ್ಟರ್ ಇಟ್ಟರೂ ಅದರ ಅರ್ಧ ಕೆಲಸ ನಿಂತಿರುತ್ತದೆ.

ಎರಡನೆಯದು, ಒಂದೊಂದು ಪ್ರವಾಹಕ್ಕೂ ಕೋಡಿಯ ಕಲ್ಲು ಸವೆಯುತ್ತದೆ. ಎಂಒವಿಯೂ ಒಂದೊಂದು ಸರ್ಜಿಗೆ ಒಂದಿಷ್ಟು ಸವೆಯುತ್ತದೆ. ಒಂದು ದಿನ ಸುಮ್ಮನೆ ಸತ್ತುಹೋಗುತ್ತದೆ. ಆಮೇಲೂ ಪೆಟ್ಟಿಗೆಯ ದೀಪ ಉರಿಯುತ್ತಿರುತ್ತದೆ, ಟಿವಿಯೂ ಓಡುತ್ತಿರುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಹತ್ತು ವರ್ಷದ ಹಿಂದೆ ತಂದ ಸ್ಪೈಕ್ ಗಾರ್ಡನ್ನು ಈಗ ಬರೀ ಜಂಕ್ಷನ್ ಬಾಕ್ಸ್ ಅಂತ ತಿಳಿಯಿರಿ.

ಮೂರನೆಯದು ಬಹಳ ಮುಖ್ಯ. ಕೋಡಿ ಕಟ್ಟಿರುವುದು ಗಳಿಗೆಯ ಪ್ರವಾಹಕ್ಕೆ. ನದಿಯನ್ನೇ ತಿರುಗಿಸಿ ಕೆರೆಗೆ ಬಿಟ್ಟರೆ ಕೋಡಿಯೇ ಕಿತ್ತುಕೊಂಡು ಹೋಗುತ್ತದೆ. ಕರೆಂಟಿನಲ್ಲಿ ಆ ನದಿ ಯಾವುದು ಗೊತ್ತೇ? ನ್ಯೂಟ್ರಲ್ ತಂತಿ ಕಟ್ಟಾಗುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸು, ಒಂದು ನ್ಯೂಟ್ರಲ್, ಹೀಗೆ ನಾಲ್ಕು ತಂತಿ ಬರುತ್ತವೆ. ನಿಮ್ಮ ಮನೆಗೆ ಒಂದು ಫೇಸು, ಪಕ್ಕದ ಮನೆಗೆ ಇನ್ನೊಂದು ಫೇಸು ಇರಬಹುದು. ನ್ಯೂಟ್ರಲ್ ಎಲ್ಲರಿಗೂ ಒಂದೇ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟು. ಫೇಸಿಗೂ ಫೇಸಿಗೂ ನಡುವೆ 400 ವೋಲ್ಟು. ಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ಕಡಿದರೆ ಎರಡು ಮನೆಗಳು ಒಂದರ ಹಿಂದೆ ಒಂದು ಸಾಲಾಗಿ ಆ 400 ವೋಲ್ಟಿಗೆ ಸಿಕ್ಕಿಕೊಳ್ಳುತ್ತವೆ.

ಹತ್ತನೇ ಕ್ಲಾಸಿನ ಮಕ್ಕಳು ಓಮನ ನಿಯಮದಿಂದ ಈ ಲೆಕ್ಕ ಮಾಡಬಹುದು. ಪಕ್ಕದ ಮನೆಯಲ್ಲಿ 1000 ವಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿದ್ದಾರೆ. ಅದರ ರೋಧ ಸುಮಾರು 53 ಓಮು. ನಿಮ್ಮ ಮನೆಯಲ್ಲಿ 100 ವಾಟಿನ ಒಂದು ಬಲ್ಬು ಮಾತ್ರ ಉರಿಯುತ್ತಿದೆ. ಅದರ ರೋಧ 529 ಓಮು. ಎರಡನ್ನೂ ಸಾಲಾಗಿ 400 ವೋಲ್ಟಿಗೆ ಸೇರಿಸಿದರೆ ಅವರಿಗೆ ಸುಮಾರು 36 ವೋಲ್ಟು, ನಿಮಗೆ ಸುಮಾರು 364 ವೋಲ್ಟು. ನಿಜವಾಗಿ ಬಲ್ಬು ಬಿಸಿಯಾದಂತೆ ರೋಧ ಬದಲಾಗುತ್ತದೆ, ಆದರೂ ಲೆಕ್ಕದ ದಿಕ್ಕು ಇದೇ. ಕಡಿಮೆ ಕರೆಂಟು ಉಪಯೋಗಿಸುವವರ ಮನೆಗೇ ಹೆಚ್ಚು ಏಟು. ಇದು ಮೈಕ್ರೋಸೆಕೆಂಡಿನಲ್ಲಿ ಮುಗಿಯುವುದಿಲ್ಲ. ಲೈನ್‌ಮನ್ ಬಂದು ಸರಿಮಾಡುವವರೆಗೂ ಹಾಗೇ ಇರುತ್ತದೆ. ಆಗ ಸ್ಪೈಕ್ ಗಾರ್ಡಿನ ಎಂಒವಿ ತೆರೆದ ಬಾಗಿಲು ಮುಚ್ಚಲಾಗದೆ ಕಾದು, ಕೆಂಪಾಗಿ, ಕೆಲವು ಸಲ ಪ್ಲಾಸ್ಟಿಕ್ಕಿಗೆ ಬೆಂಕಿಯೂ ಹಿಡಿಸುತ್ತದೆ.

ಒಂದು ಊರಿನಲ್ಲಿ ಒಂದೇ ರಾತ್ರಿ ಹತ್ತು ಹದಿನೈದು ಮನೆಗಳ ಟಿವಿ, ಫ್ರಿಜ್ಜು ಒಟ್ಟಿಗೆ ಹೋದರೆ ಜನ ಸಿಡಿಲು ಅನ್ನುತ್ತಾರೆ. ನಾನು ಬಿಚ್ಚಿ ನೋಡಿದಾಗ ಎಷ್ಟೋ ಸಲ ಕಂಡದ್ದು ನ್ಯೂಟ್ರಲ್ ತೊಂದರೆ. ಗುರುತು ಹೇಳುತ್ತೇನೆ, ತಾಯಂದಿರು ದಯವಿಟ್ಟು ನೆನಪಿಡಿ. ಮಳೆ ಗಾಳಿಯಲ್ಲಿ ಇದ್ದಕ್ಕಿದ್ದಂತೆ ನಿಮ್ಮ ಮನೆಯ ದೀಪ ಹಗಲಿನಂತೆ ಉರಿದು, ಫ್ಯಾನು ಹುಚ್ಚು ಹಿಡಿದಂತೆ ತಿರುಗಿ, ಪಕ್ಕದ ಮನೆಯ ದೀಪ ಮಿಣುಕು ಮಿಣುಕು ಅಂದರೆ ಅದು ನ್ಯೂಟ್ರಲ್. ಒಂದೊಂದೇ ಸ್ವಿಚ್ಚು ಹುಡುಕಬೇಡಿ. ನೇರವಾಗಿ ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಲೈನ್‌ಮನ್ನಿಗೆ ಫೋನ್ ಮಾಡಿ. ಬಿದ್ದ ತಂತಿಯ ಹತ್ತಿರ ಯಾರೂ ಹೋಗಬೇಡಿ.

ಈ ರೋಗಕ್ಕೆ ಔಷಧ ಬೇರೆ. ಓವರ್ ವೋಲ್ಟೇಜ್, ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಅಂತ ಸಿಗುತ್ತದೆ. ಮೀಟರ್ ಬೋರ್ಡಿನ ಪಕ್ಕದಲ್ಲಿ ಕೂರಿಸುವಂಥದ್ದು. ವೋಲ್ಟೇಜು ಹೆಚ್ಚಾದರೂ ಕಟ್ ಮಾಡುತ್ತದೆ, ತೀರಾ ಕಡಿಮೆಯಾದರೂ ಕಟ್ ಮಾಡುತ್ತದೆ, ಸರಿಯಾದ ಮೇಲೆ ಸ್ವಲ್ಪ ಹೊತ್ತು ಕಾದು ತಾನೇ ಕೊಡುತ್ತದೆ. ಒಂದು ಒಳ್ಳೆಯ ಮಿಕ್ಸಿಯ ಬೆಲೆಯೊಳಗೆ ಬರುತ್ತದೆ. ನನ್ನನ್ನು ಕೇಳಿದರೆ ನಮ್ಮ ಹಳ್ಳಿಗಳ ಮನೆಗೆ ಖರ್ಚು ಮಾಡುವ ಕ್ರಮ ಹೀಗಿರಬೇಕು: ಮೊದಲು ಅರ್ಥಿಂಗ್, ಎರಡನೆಯದು ಮನುಷ್ಯರ ಪ್ರಾಣ ಕಾಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಮೂರನೆಯದು ಈ ಓವರ್ ವೋಲ್ಟೇಜ್ ಕಟ್ ಮಾಡುವ ಸಾಧನ, ನಾಲ್ಕನೆಯದು ಸರ್ಜ್ ಪ್ರೊಟೆಕ್ಟರ್. ಅಂಗಡಿಯವರು ನಾಲ್ಕನೆಯದನ್ನೇ ಮೊದಲು ಮಾರುತ್ತಾರೆ. ನಾನೂ ಮಾರಿದ್ದೇನೆ.

ಈಗ ಸರ್ಜ್ ಪ್ರೊಟೆಕ್ಟರ್ ಕೊಳ್ಳುವಾಗ ಏನು ನೋಡಬೇಕು ಅಂತ ಹೇಳುತ್ತೇನೆ.

ಸ್ಪೈಕ್ ಗಾರ್ಡ್ ಅಂತ ಮೇಲೆ ಬರೆದಿದ್ದ ಮಾತ್ರಕ್ಕೆ ಒಳಗೆ ರಕ್ಷಣೆ ಇದೆ ಅಂತಲ್ಲ. ನಾನು ಬಿಚ್ಚಿದ ಅಗ್ಗದ ಪೆಟ್ಟಿಗೆಗಳಲ್ಲಿ ಎಷ್ಟೋ ಕಡೆ ಒಂದು ಸ್ವಿಚ್ಚು, ಒಂದು ಫ್ಯೂಸು, ಒಂದು ಕೆಂಪು ದೀಪ, ಅಷ್ಟೇ ಇತ್ತು. ಡಬ್ಬಿಯ ಹಿಂದೆ ಓದಿ. ಜೌಲ್ ಎಷ್ಟು ಅಂತ ಬರೆದಿರಬೇಕು. ಅದು ಎಂಒವಿ ಎಷ್ಟು ಏಟು ತಿನ್ನಬಲ್ಲದು ಅನ್ನುವ ಅಳತೆ. ಹೆಚ್ಚಿದ್ದಷ್ಟೂ ಒಳ್ಳೆಯದು. ಸಂಖ್ಯೆಯೇ ಬರೆದಿಲ್ಲ ಅಂದರೆ ಬಿಟ್ಟುಬಿಡಿ. ಕ್ಲಾಂಪಿಂಗ್ ವೋಲ್ಟೇಜ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಸರ್ಜ್ ಬಂದಾಗ ಎಷ್ಟು ವೋಲ್ಟಿನಲ್ಲಿ ತಡೆದು ನಿಲ್ಲಿಸುತ್ತದೆ ಅನ್ನುವುದು ಅದು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೆ ಸದಾಕಾಲ ತಡೆದುಕೊಳ್ಳುವ ವೋಲ್ಟೇಜು 275 ಅಂತಲೋ 320 ಅಂತಲೋ ಬೇರೆ ಬರೆದಿರುತ್ತಾರೆ. ರಾತ್ರಿ ವೋಲ್ಟೇಜು ಏರುವ ನಮ್ಮಂಥ ಕಡೆ ನಾನು 320ರದ್ದನ್ನೇ ಹಾಕುತ್ತೇನೆ. ಇಲ್ಲದಿದ್ದರೆ ದಿನಾ ರಾತ್ರಿ ಕೋಡಿಯ ಅಂಚಿನಲ್ಲೇ ನೀರು ನಿಂತಂತಾಗಿ ಬೇಗ ಸವೆಯುತ್ತದೆ.

ಕರೆಂಟು ಇದೆ ಎಂದು ತೋರಿಸುವ ದೀಪ ಬೇರೆ, ರಕ್ಷಣೆ ಇನ್ನೂ ಜೀವಂತವಾಗಿದೆ ಎಂದು ತೋರಿಸುವ ದೀಪ ಬೇರೆ. ಎರಡನೆಯದು ಇರುವುದನ್ನು ಕೊಳ್ಳಿ. ಅದು ಆರಿದ ದಿನ ಪೆಟ್ಟಿಗೆ ಬದಲಾಯಿಸಿ. ಐಎಸ್‌ಐ ಗುರುತು ನೋಡಿ. ವೈರು ದಪ್ಪಗಿರಲಿ, ಪ್ಲಗ್ಗು ಮೂರು ಪಿನ್ನಿನದೇ ಇರಲಿ. 6 ಆಂಪಿಯರಿನ ಪೆಟ್ಟಿಗೆಯಲ್ಲಿ ಎಲ್ಲ ಸೇರಿ 1380 ವಾಟು ದಾಟಬಾರದು. ಟಿವಿ, ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರು, ವೈಫೈ ಹಾಕಿ. ಗೀಸರು, ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಒಲೆ ಹಾಕಬೇಡಿ. ಒಂದು ಪೆಟ್ಟಿಗೆಗೆ ಇನ್ನೊಂದು ಪೆಟ್ಟಿಗೆ ಸಿಕ್ಕಿಸಬೇಡಿ. ಹಾಸಿಗೆಯ ಕೆಳಗೆ, ಪರದೆಯ ಹಿಂದೆ, ಬಟ್ಟೆಯ ರಾಶಿಯಲ್ಲಿ ಇಡಬೇಡಿ.

ಹೊಸ ಮನೆ ಕಟ್ಟಿಸುವವರು ಮೇನ್ ಬೋರ್ಡಿನಲ್ಲೇ ಟೈಪ್ 2 ಎಸ್‌ಪಿಡಿ ಹಾಕಿಸಿ. ಅದು ಇಡೀ ಮನೆಗೆ ಕೋಡಿ. ಆದರೆ ಅದಕ್ಕೆ ಹೋಗುವ, ಅಲ್ಲಿಂದ ಅರ್ಥಿಗೆ ಸೇರುವ ತಂತಿ ಒಟ್ಟು ಅರ್ಧ ಮೀಟರ್ ಒಳಗೆ ಇರಬೇಕು, ಸುರುಳಿ ಸುತ್ತದೆ ನೆಟ್ಟಗಿರಬೇಕು. ಮಿಂಚಿನ ವೇಗದ ಕರೆಂಟಿಗೆ ಒಂದು ಮೀಟರ್ ತಂತಿಯೂ ದೊಡ್ಡ ಅಡ್ಡಿ. ಚೆಂದ ಕಾಣಲಿ ಅಂತ ತಂತಿಯನ್ನು ಬೋರ್ಡಿನ ಸುತ್ತ ಸುತ್ತಿಸಿದರೆ ಸಾಧನ ಇದ್ದೂ ಇಲ್ಲದಂತೆ. ಇನ್ನೊಂದು ದಾರಿ ಮರೆಯಬೇಡಿ. ಡಿಶ್ಶಿನ ಕೇಬಲ್ಲು, ಕೇಬಲ್ ಟಿವಿಯ ತಂತಿ, ತಾಮ್ರದ ಟೆಲಿಫೋನ್ ತಂತಿ, ಇವುಗಳಿಂದಲೂ ಸರ್ಜ್ ಒಳಗೆ ಬರುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ ಆಗಬಾರದು. ಈಗ ಬಂದಿರುವ ಫೈಬರ್ ತಂತಿ ಗಾಜಿನ ಎಳೆ, ಅದರೊಳಗೆ ಕರೆಂಟು ಹರಿಯದು. ಆದರೆ ಆ ಡಬ್ಬಿಯ ಅಡಾಪ್ಟರು ಕರೆಂಟಿನಿಂದಲೇ ಓಡುತ್ತದಲ್ಲ, ಅದಕ್ಕೆ ರಕ್ಷಣೆ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಿಕೊಳ್ಳಬೇಕು. ಸಿಡಿಲು ಮನೆಯ ಮೇಲೇ, ಅಥವಾ ಮನೆಗೆ ಬರುವ ಕಂಬದ ಮೇಲೇ ಬಿದ್ದರೆ ಈ ಪೆಟ್ಟಿಗೆಗಳು ನಿಲ್ಲುವುದಿಲ್ಲ. ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಇರುತ್ತದೆ. ನಮ್ಮ ಸಾಕೆಟ್ಟು 6 ಆಂಪಿಯರಿನದು. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ, ಕಾಸು ಖರ್ಚಿಲ್ಲದ ರಕ್ಷಣೆ ಪ್ಲಗ್ಗು ಕೀಳುವುದು. ಸ್ವಿಚ್ ಆಫ್ ಮಾಡಿದರೆ ಸಾಲದು. ಅರ್ಧ ಆಕಾಶ ದಾಟಿ ಬಂದ ಮಿಂಚಿಗೆ ಸ್ವಿಚ್ಚಿನೊಳಗಿನ ಸಂದು ಲೆಕ್ಕವೇ ಅಲ್ಲ. ಪ್ಲಗ್ಗು ಕಿತ್ತು, ಡಿಶ್ಶಿನ ಕೇಬಲ್ಲನ್ನೂ ಬಿಡಿಸಿ ದೂರ ಇಡಿ. ಆದರೆ ಇದನ್ನು ಮಳೆ ಬರುವ ಮೊದಲೇ ಮಾಡಿ. ತಲೆಯ ಮೇಲೆ ಗುಡುಗುವಾಗ ಪ್ಲಗ್ಗು, ಕೇಬಲ್ಲು ಮುಟ್ಟಬೇಡಿ. ಟಿವಿ ಹೋದರೆ ಹೋಗಲಿ.

ಮಕ್ಕಳೇ, ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಮೈದಾನ ಬಿಟ್ಟು ಕಟ್ಟಡದ ಒಳಗೆ ಬನ್ನಿ, ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಹೊರಗೆ ಹೋಗಬೇಡಿ. ಮನೆಯಲ್ಲಿ ದೊಡ್ಡವರಿಗೂ ಇದನ್ನು ನೀವೇ ಕಲಿಸಿ. ಸಿಡಿಲಿನ ಮುನ್ಸೂಚನೆ ಕೊಡುವ 'ದಾಮಿನಿ', 'ಸಿಡಿಲು' ಆ್ಯಪ್‌ಗಳು ಮೊಬೈಲಿನಲ್ಲಿ ಸಿಗುತ್ತವೆ. ಹೊಲಕ್ಕೆ ಹೋಗುವ ಅಪ್ಪ ಅಮ್ಮನ ಫೋನಿಗೆ ಹಾಕಿಕೊಡಿ.

ಈಗ ಮೊದಲು ಹೇಳಿದ ಕಷ್ಟದ ಮಾತಿಗೆ ಬರುತ್ತೇನೆ.

2011ರಲ್ಲಿ ಬೆಂಗಳೂರಿನಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿಗಳು ದುಡ್ಡು ಸೇರಿಸಿ ಈ ಶಾಲೆಗೆ ಆರು ಕಂಪ್ಯೂಟರ್ ಕೊಟ್ಟದ್ದು ಹಲವರಿಗೆ ನೆನಪಿರಬಹುದು. ಆ ಕೊಠಡಿಯ ವೈರಿಂಗನ್ನು ನಾನು ಕೂಲಿ ಇಲ್ಲದೆ ಮಾಡಿಕೊಟ್ಟೆ. ಆರು ಸ್ಪೈಕ್ ಗಾರ್ಡ್ ನನ್ನ ಅಂಗಡಿಯಿಂದಲೇ ತಂದು ಹಾಕಿದೆ. ಅವತ್ತಿನ ಹೆಡ್‌ಮಾಸ್ಟರು, "ಮಳೆಗಾಲದಲ್ಲಿ ಏನೂ ಆಗಲ್ಲ ತಾನೇನಪ್ಪಾ?" ಅಂದರು. "ಸಾರ್, ಸಿಡಿಲು ಬಿದ್ದರೂ ಏನೂ ಆಗಲ್ಲ" ಅಂದೆ. ಶಾಲು ಹೊದಿಸಿದರು, ಫೋಟೋ ತೆಗೆದರು.

ಬೋರ್ಡಿಗೆ ಮೂರನೇ ತಂತಿ ಬಂದಿತ್ತು. ಅದು ಎಲ್ಲಿಗೆ ಹೋಗುತ್ತದೆ ಅಂತ ನಾನು ಗೋಡೆಯ ಹಿಂದೆ ಹೋಗಿ ನೋಡಲಿಲ್ಲ. ಸಂಜೆಯಾಗಿತ್ತು, ಉದ್ಘಾಟನೆ ಮಾರನೇ ದಿನ ಇತ್ತು.

ಮುಂದಿನ ವರ್ಷ ಮೇ ತಿಂಗಳಲ್ಲಿ, ರಜೆಯಲ್ಲಿ, ಒಂದು ಸಂಜೆ ಗಾಳಿ ಮಳೆ ಬಂತು. ಮಾರನೇ ದಿನ ಅಟೆಂಡರು ಬಾಗಿಲು ತೆಗೆದಾಗ ಕೊಠಡಿಯೆಲ್ಲ ಸುಟ್ಟ ವಾಸನೆ. ನನ್ನನ್ನು ಕರೆದರು. ಆರರಲ್ಲಿ ನಾಲ್ಕು ಕಂಪ್ಯೂಟರು ಸತ್ತಿದ್ದವು. ಸ್ಪೈಕ್ ಗಾರ್ಡುಗಳ ಎಂಒವಿ ಕರಕಲಾಗಿತ್ತು. ಒಂದರ ಪ್ಲಾಸ್ಟಿಕ್ಕು ಕರಗಿ ಮೇಜಿಗೆ ಅಂಟಿಕೊಂಡು, ಮೇಜಿನ ಹಲಗೆ ಅಂಗೈಯಗಲ ಕಪ್ಪಾಗಿತ್ತು. ಅದು ಅಲ್ಲಿಗೇ ಆರಿದ್ದು ನಮ್ಮ ಪುಣ್ಯ. ಎಲ್ಲರೂ ಸಿಡಿಲು ಅಂದರು. ಲೈನ್‌ಮನ್ ಹಿಂದಿನ ಸಂಜೆ ಕೊಂಬೆ ಬಿದ್ದು ನ್ಯೂಟ್ರಲ್ ಕಡಿದದ್ದನ್ನು ನನಗೆ ಹೇಳಿದ್ದ. ಬಿಚ್ಚಿ ನೋಡಿದಾಗ ನನಗೂ ಗೊತ್ತಾಯಿತು. ಗೋಡೆಯ ಹಿಂದೆ ಹೋಗಿ ನೋಡಿದೆ. ಮೂರನೇ ತಂತಿಯ ತುದಿಯನ್ನು ಯಾರೋ ಎಂದೋ ಮಣ್ಣಿನಲ್ಲಿ ನಾಲ್ಕು ಬೆರಳು ಆಳ ಚುಚ್ಚಿ ಬಿಟ್ಟಿದ್ದರು. ಗುಂಡಿ ಇರಲೇ ಇಲ್ಲ.

ಒಳ್ಳೆಯ ಅರ್ಥಿಂಗ್ ಇದ್ದಿದ್ದರೂ ಆ ಸಂಜೆ ಕಂಪ್ಯೂಟರು ಉಳಿಯುತ್ತಿರಲಿಲ್ಲ. ಬೇಕಿದ್ದದ್ದು ಓವರ್ ವೋಲ್ಟೇಜ್ ಕಟ್ ಮಾಡುವ ಸಾಧನ. ಅಂದರೆ ನಾನು ಮಾಡಿದ ತಪ್ಪು ಎರಡು. ರೋಗ ಒಂದು ಇರುವಲ್ಲಿ ಇನ್ನೊಂದರ ಔಷಧ ಕೊಟ್ಟೆ. ಮಕ್ಕಳು ಕೈಯಿಟ್ಟು ಕೂರುವ ಕೊಠಡಿಯಲ್ಲಿ ಅರ್ಥಿಂಗ್ ಇದೆಯೋ ಇಲ್ಲವೋ ನೋಡದೆ ಕರೆಂಟು ಕೊಟ್ಟೆ. ಮೂರನೆಯದೂ ಒಂದಿದೆ. ಹೆಡ್‌ಮಾಸ್ಟರು, "ಸಿಡಿಲಿಗೆ ನೀನೇನು ಮಾಡ್ತೀಯಪ್ಪಾ, ಬಿಡು" ಅಂದಾಗ ನಾನು "ಹೌದು ಸಾರ್" ಅಂದುಬಿಟ್ಟೆ.

ಆಮೇಲೆ ಆ ಕೊಠಡಿಗೆ ಬೀಗ ಬಿತ್ತು. ಮೂರು ವರ್ಷ ತೆಗೆಯಲಿಲ್ಲ. ಆ ಮೂರು ವರ್ಷ ಇಲ್ಲಿ ಓದಿದ ಮಕ್ಕಳು ಕಂಪ್ಯೂಟರ್ ಮುಟ್ಟದೆ ಹೊರಗೆ ಹೋದರು. ಅವರಲ್ಲಿ ಒಬ್ಬ ಹುಡುಗಿ ನನ್ನ ಅಂಗಡಿಗೆ ಅಣ್ಣನ ಜೊತೆ ಬಂದಿದ್ದಳು. ಕಾಲೇಜಿನಲ್ಲಿ ಎಲ್ಲರೂ ಟೈಪ್ ಮಾಡುವಾಗ ತಾನೊಬ್ಬಳೇ ಕೈ ಕಟ್ಟಿ ಕೂರಬೇಕಾಯಿತು ಅಂತ ಸುಮ್ಮನೆ ಮಾತಿಗೆ ಹೇಳಿದಳು. ಯಾರ ಮೇಲೂ ದೂರಲಿಲ್ಲ. ಅವಳಿಗೆ ಸಿಡಿಲು ಅಂತಲೇ ಗೊತ್ತಿತ್ತು. ಅವಳು ಇವತ್ತು ಈ ಸಭೆಯಲ್ಲಿದ್ದರೆ ಕೇಳಲಿ ಅಮ್ಮಾ, ಅದು ಸಿಡಿಲಲ್ಲ. ನನ್ನಿಂದ ತಪ್ಪಾಯಿತು.

ನಿನ್ನೆ ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳು ಕೊಟ್ಟ ಹೊಸ ಕಂಪ್ಯೂಟರುಗಳ ಕೊಠಡಿಯನ್ನು ಉದ್ಘಾಟನೆ ಮಾಡಿದಿರಿ. ಅದರ ಗೋಡೆಯ ಹಿಂದೆ ಹೋಗಿ ನೋಡಿ. ಸಿಮೆಂಟಿನ ಎರಡು ಸಣ್ಣ ಕಟ್ಟೆ ಇವೆ. ಕಳೆದ ತಿಂಗಳು ನಮ್ಮ ಬ್ಯಾಚಿನ ಇಬ್ಬರು ಗೆಳೆಯರು ಗುದ್ದಲಿ ಹಿಡಿದರು, ನಾನು ಜೊತೆಗಿದ್ದೆ. ಎರಡೂವರೆ ಮೀಟರ್ ಉದ್ದದ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿದೆವು. ಅರ್ಥ್ ಟೆಸ್ಟರಿನಲ್ಲಿ ನೋಡಿದಾಗ 5 ಓಮಿಗಿಂತ ಕಡಿಮೆ ಬಂತು. ಒಳಗೆ ಆರ್‌ಸಿಸಿಬಿ, ಓವರ್ ವೋಲ್ಟೇಜ್ ಕಟ್ಟು, ಎಸ್‌ಪಿಡಿ ಮೂರೂ ಇವೆ. ನ್ಯೂಟ್ರಲ್ಲನ್ನು ಅರ್ಥಿಗೆ ಕಟ್ಟಿಲ್ಲ. ಮನೆಗಳಲ್ಲಿ ಹಾಗೆ ಕಟ್ಟುವವರಿದ್ದಾರೆ, ದಯವಿಟ್ಟು ಬೇಡ. ಹೊರಗೆ ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಬಾಗಿಲು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಇನ್ನು ನನ್ನ ಕೋರಿಕೆ. ಬೇಸಿಗೆಯಲ್ಲಿ ನೆಲ ಒಣಗಿದರೆ ಅರ್ಥಿಂಗ್ ಕೆಟ್ಟು ಹೋಗುತ್ತದೆ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಪ್ರತಿ ಶನಿವಾರ ಆ ಎರಡು ಗುಂಡಿಗೂ ಎರಡೆರಡು ಬಿಂದಿಗೆ ನೀರು ಹಾಕಬೇಕು. ಇದನ್ನು ವಿಜ್ಞಾನ ಸಂಘದ ಮಕ್ಕಳು ವಹಿಸಿಕೊಳ್ಳಲಿ. ಪರೀಕ್ಷೆ ಮುಗಿದು ರಜೆ ಕೊಡುವ ದಿನ ಎಲ್ಲ ಪ್ಲಗ್ಗು ಕಿತ್ತು, ಮೇನ್ ಆಫ್ ಮಾಡಿ, ಆಮೇಲೆ ಬೀಗ ಹಾಕಬೇಕು. ಇದನ್ನು ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ್ದೇನೆ. ವರ್ಷಕ್ಕೊಮ್ಮೆ ಮಾರ್ಚಿಯಲ್ಲಿ ಟೆಸ್ಟರ್ ತಂದು ನೋಡುವುದು ನನ್ನ ಕೆಲಸ. ನಾನು ಬರದಿದ್ದರೆ ಅಂಗಡಿಗೆ ಬಂದು ಬೈಯಿರಿ.

ಊರಿನವರಿಗೂ ಅದೇ ಮಾತು. ಇವತ್ತು ಮನೆಗೆ ಹೋಗಿ ನಿಮ್ಮ ಮೂರನೇ ತಂತಿ ಎಲ್ಲಿಗೆ ಹೋಗಿದೆ ಅಂತ ಗೋಡೆಯ ಹಿಂದೆ ನೋಡಿ. ನೀವು ಬಿಚ್ಚಬೇಡಿ, ಬರೀ ನೋಡಿ. ಅನುಮಾನ ಬಂದರೆ ಗೊತ್ತಿರುವ ವೈರ್‌ಮನ್ನನ್ನು ಕರೆಸಿ. ಈ ಭರಣಿ ಮಳೆಗೆ ನನ್ನ ಅಂಗಡಿಯ ಮುಂದೆ ನಮ್ಮೂರಿನ ಬೈಕುಗಳು ಕಡಿಮೆಯಾದರೆ ನನಗೆ ವ್ಯಾಪಾರ ಕಡಿಮೆ. ಆಗಲಿ.